ಹದಿನೇಳನೆಯ ಹಲ್ಲು

ದಂಡೋತಿಯ ಪೀರಪ್ಪನಿಗೆ ಹಾವಿನ ಹೆದರಿಕೆ ಇರಲಿಲ್ಲ. ದೆವ್ವ ಅಂದರೆ ನಕ್ಕುಬಿಡುತ್ತಿದ್ದ. ಆದರೆ ಹದಿನಾರು ಎಂಬ ಅಂಕಿ ಕಿವಿಗೆ ಬಿದ್ದರೆ ಅವನ ಅಂಗೈ ಬೆವರುತ್ತಿತ್ತು. ನಗುವವರು ಈಗಲೇ ನಕ್ಕು ಮುಗಿಸಿಕೊಳ್ಳಿ, ಮುಂದೆ ನಗುವುದಕ್ಕೆ ಅಷ್ಟಾಗಿ ಆಸ್ಪದವಿಲ್ಲ.

ಅವನು ಫಿಟ್ಟರ್. ವಾಡಿಯಿಂದ ಶಹಾಬಾದಿಗೆ ಹೋಗುವ ದಾರಿಯಲ್ಲಿ ನೆಲಕ್ಕೆ ಹಾಸುವ ಪರ್ಸಿಕಲ್ಲಿನ ಒಂದು ಖಣಿ ಇತ್ತು; ಅಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ. ಎಂಬತ್ತೈದನೇ ಇಸವಿಯಲ್ಲಿ ಕೆಲಸ ಬಿಡುವವರೆಗೂ ಅಲ್ಲೇ ಇದ್ದ. ಖಣಿಯವರು ಅವನಿಗೆ ಅಂಜುಬುರುಕ ಪೀರ್ಯಾ ಅಂತ ಹೆಸರಿಟ್ಟಿದ್ದರು. ಸುಮ್ಮನೆ ಇಟ್ಟದ್ದಲ್ಲ. ವಾಡಿ ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿ ಹಾದುಹೋದರೆ ಈ ಮನುಷ್ಯ ನಿಂತು ಡಬ್ಬಿ ಎಣಿಸುತ್ತಿದ್ದ. ಎಣಿಸಿದ್ದನ್ನು ಎರಡರಿಂದ, ಮೂರರಿಂದ, ಐದರಿಂದ, ಏಳರಿಂದ ಭಾಗಿಸಿ ನೋಡುತ್ತಿದ್ದ. ಭಾಗ ಹೋದರೆ ಮುಖ ಸಣ್ಣದಾಗುತ್ತಿತ್ತು. ನಲವತ್ತೊಂದೋ ನಲವತ್ಮೂರೋ ಬಂದು, ಯಾವುದರಿಂದಲೂ ಭಾಗ ಹೋಗದಿದ್ದರೆ ಸಮಾಧಾನದಿಂದ ಬೀಡಿ ಹಚ್ಚುತ್ತಿದ್ದ. ಅವನ ಹೆಂಡತಿ ಸುಂದರಬಾಯಿ ರೊಟ್ಟಿ ಬಡಿಯುತ್ತಾ, "ಎಷ್ಟು ರೊಟ್ಟಿ ಮಾಡ್ಲಿರಿ, ಭಾಗ ಹೋಗೂವೋ ಹೋಗದವೋ?" ಎಂದು ಕಾಡುತ್ತಿದ್ದಳು.

ಈ ಚಾಳಿ ಹಚ್ಚಿದವರು ಶಹಾಬಾದಿನ ಅಬ್ದುಲ್ ಮಜೀದ ಉಸ್ತಾದರು. ಸ್ಟೇಷನ್ನಿನ ಹಿಂದೆ ತಗಡಿನ ಚಪ್ಪರದ ಕೆಳಗೆ ಅವರ ದುಕಾನು. ಯಂತ್ರಗಳ ಹಲ್ಲಿನ ಗಾಲಿಗೆ ಮರದ ಅಚ್ಚು ಕೆತ್ತಿ ಎರಕ ಹೊಯ್ಯಿಸುವುದರಲ್ಲಿ ಅವರನ್ನು ಮೀರಿಸಿದವರು ಆ ಕಡೆ ಇರಲಿಲ್ಲ. ಪೀರಪ್ಪ ಒಂಬತ್ತು ವರ್ಷ ಅವರ ಕೈಕೆಳಗೆ ಪಳಗಿದ. ಸೇರಿದ ಮೊದಲ ವಾರವೇ ಉಸ್ತಾದರು ಒಂದು ಮುಷ್ಟಿ ನಟ್ಟು ನೆಲಕ್ಕೆ ಸುರಿದು, ಹನ್ನೆರಡು ಎಣಿಸಿ ಸಾಲು ಹಚ್ಚು ಅಂದರು.

ಆರಾರರ ಎರಡು ಸಾಲು ಬಂತು. ನಾಲ್ಕು ನಾಲ್ಕರ ಮೂರು ಸಾಲೂ ಬಂತು. "ಈಗ ಇನ್ನೊಂದು ಕೂಡ್ಸು," ಅಂದರು ಉಸ್ತಾದರು. ಹದಿಮೂರಾಯಿತು. ಎರಡು ಸಾಲು ಮಾಡಿದರೆ ಒಂದು ನಟ್ಟು ಉಳಿಯಿತು, ಮೂರು ಮಾಡಿದರೂ ಒಂದು ಉಳಿಯಿತು, ನಾಲ್ಕು ಮಾಡಿದರೂ ಅದೇ ಹಾಡು. ಕೊನೆಗೆ ಅದು ಒಂದೇ ಉದ್ದ ಸಾಲಿಗೆ ಮಾತ್ರ ಒಪ್ಪಿತು.

"ಇದು ಹಠಮಾರಿ ಅಂಕಿ, ಬೇಟಾ. ಪಾಲಿಗಿ ಬರಂಗಿಲ್ಲ. ಹದಿಮೂರು, ಹದಿನೇಳು, ಹತ್ತೊಂಬತ್ತು, ಇಪ್ಪತ್ಮೂರು, ಇವೆಲ್ಲಾ ಒಂದೇ ಖಾಂದಾನಿನವು. ನಿಮ್ಮ ಸಾಲಿ ಮಾಸ್ತರ ಇವಕ್ಕ ಅವಿಭಾಜ್ಯ ಅಂತಾನ. ಹಲ್ಲಿನ ಗಾಲಿ ಮಾಡೋರು ಇವನ್ನೇ ನಂಬಿ ಬದುಕ್ತಾರ."

"ಯಾಕ್ರಿ ಉಸ್ತಾದ?"

"ದೊಡ್ಡ ಗಾಲಿಗಿ ಅರವತ್ನಾಕು ಹಲ್ಲು ಅವ ಅನ್ಕೋ. ಅದನ್ನ ತಿರುಗ್ಸೋ ಸಣ್ಣ ಗಾಲಿಗಿ ಹದಿನಾರು. ಹದಿನಾರ ನಾಕ್ಲೆ ಅರವತ್ನಾಕು. ಸಣ್ಣದು ನಾಕು ಸುತ್ತು ಹಾಕಿದ್ರ ದೊಡ್ಡದು ಬರೋಬರಿ ಒಂದು ಸುತ್ತು. ಹಂಗಾದ್ರ ಇದರ ಕೆಟ್ಟ ಹಲ್ಲಿಗಿ ಅದರ ಕೆಟ್ಟ ಹಲ್ಲು ಜೋಡಿ ಬಿತ್ತಂದ್ರ ಸುತ್ತು ಸುತ್ತಿಗೂ ಭೇಟಿ. ಜಗಳಗಂಟರಿಬ್ಬರು ದಿನಾ ಒಂದೇ ಬಾವಿಗಿ, ಒಂದೇ ಹೊತ್ತಿಗಿ ನೀರಿಗಿ ಬಂದಂಗ. ಒಂದಿನ ತಲಿ ಒಡದೇ ಒಡೀತದ. ಅದೇ ಸಣ್ಣದಕ್ಕ ಹದಿನೇಳು ಹಲ್ಲು ಇಡು. ಅರವತ್ನಾಕರಾಗ ಹದಿನೇಳು ಭಾಗ ಹೋಗಂಗಿಲ್ಲ. ದೊಡ್ಡದು ಹದಿನೇಳು ಸುತ್ತು ಹಾಕಿದಾಗ ಒಮ್ಮೆ ಮಾತ್ರ ಆ ಎರಡು ಹಲ್ಲು ಮಾರಿ ಮಾರಿ ನೋಡ್ತಾವ. ಉಳದ ಏಟೆಲ್ಲಾ ಹಂಚಿ ಹೋಗ್ತದ."

"ಹಂಗಾದ್ರ ಎಲ್ಲಾದಕ್ಕೂ ಹದಿನೇಳೇ ಇಟ್ರ ಆಯ್ತಲ್ರಿ."

"ಕಣ್ಣು ಮುಚ್ಚಿ ನಂಬಬ್ಯಾಡ. ದೊಡ್ಡದು ಅರವತ್ತೆಂಟರದು ಬಂತಂದ್ರ? ಹದಿನೇಳ ನಾಕ್ಲೆ ಅರವತ್ತೆಂಟು. ಮತ್ತ ಅದೇ ಬಾವಿ, ಅದೇ ಜಗಳ. ಯಾವಾಗ್ಲೂ ಎರಡೂ ಎಣಿಸಬೇಕು."

ಆ ಮಾತು ಪೀರಪ್ಪನ ಎದೆಯಲ್ಲಿ ಮೊಳೆ ಹೊಡೆದಂತೆ ಕೂತಿತು.

ಖಣಿಯಲ್ಲಿ ಅವನ ಪಾಲಿಗೆ ಬಂದದ್ದು ವಿಂಚು. ಆಳದಿಂದ ಕಲ್ಲು ತುಂಬಿದ ಟ್ರಾಲಿಯನ್ನು ತಂತಿ ಹಗ್ಗ ಕಟ್ಟಿ ಮೇಲಕ್ಕೆ ಎಳೆಯುವ ಯಂತ್ರ ಅದು. ಡೀಸೆಲ್ ಎಂಜಿನ್ನು ಸಣ್ಣ ಗಾಲಿಯನ್ನು ತಿರುಗಿಸಿದರೆ, ಸಣ್ಣ ಗಾಲಿ ದೊಡ್ಡ ಗಾಲಿಯನ್ನು ತಿರುಗಿಸುತ್ತಿತ್ತು, ದೊಡ್ಡದರ ಜೊತೆ ಡ್ರಮ್ಮು ತಿರುಗಿ ಹಗ್ಗ ಸುತ್ತಿಕೊಳ್ಳುತ್ತಿತ್ತು. ಟ್ರಾಲಿ ತಳದಿಂದ ಮೇಲೆ ಬರಲು ದೊಡ್ಡ ಗಾಲಿ ನಲವತ್ತು ಸುತ್ತು ಹಾಕಬೇಕು. ಹಳಿಯ ಮೇಲೆ ಟ್ರಾಲಿ ಏರುವಾಗ ಎಂಟು ಮಂದಿ ಹೆಂಗಸರು ಹಿಂದಿನಿಂದ ದೂಡುತ್ತಾ ಬರುತ್ತಿದ್ದರು. ಆ ಎಂಟರಲ್ಲಿ ಸುಂದರಬಾಯಿ ಒಬ್ಬಳು. ಬ್ರೇಕು ಇದ್ದದ್ದು ಎಂಜಿನ್ನಿನ ಕಡೆ, ಸಣ್ಣ ಗಾಲಿಗೆ. ಹಲ್ಲು ಮುರಿದರೆ ದೊಡ್ಡ ಗಾಲಿಗೆ ಲಗಾಮಿಲ್ಲ. ಟ್ರಾಲಿ ಹಿಂದಕ್ಕೆ ಓಡಿ ಆ ಎಂಟು ಜನರ ಮೇಲೆಯೇ ಹೋಗಬೇಕು. ಇದು ಪೀರಪ್ಪನಿಗೆ ಪ್ರತಿದಿನ, ಪ್ರತಿ ಟ್ರಾಲಿಗೂ ನೆನಪಾಗುತ್ತಿತ್ತು.

ದೊಡ್ಡ ಗಾಲಿಗೆ ಅರವತ್ನಾಲ್ಕು ಹಲ್ಲು, ಸಣ್ಣದಕ್ಕೆ ಉಸ್ತಾದರೇ ಮಾಡಿಕೊಟ್ಟ ಹದಿನೇಳು. ಅರವತ್ತೆಂಟನೇ ಇಸವಿಯ ಶ್ರಾವಣದಲ್ಲಿ ಆ ಹದಿನೇಳರ ಗಾಲಿ ನಡುವೆ ಸೀಳಿತು. ಹೊಸದು ಬರಲು ತಿಂಗಳುಗಟ್ಟಲೆ ಕಾಯಬೇಕು. ಖಣಿಯ ಉಸ್ತುವಾರಿ ನೋಡುವ ಮಿಸ್ತ್ರಿ ಸಂಗಣ್ಣ ಅಷ್ಟು ಕಾಯುವ ಪೈಕಿಯಲ್ಲ. ಎಲ್ಲಿಂದಲೋ ಗುಜರಿ ಕಬ್ಬಿಣದ ಮೋಡಕಾದಿಂದ ಒಂದು ಹಳೇ ಗಾಲಿ ಹೊರಿಸಿಕೊಂಡು ಬಂದ. ಪೀರಪ್ಪ ಹಲ್ಲು ಎಣಿಸಿದ. ಹದಿನಾರು. ಮತ್ತೊಮ್ಮೆ ಎಣಿಸಿದ. ಆಗಲೂ ಹದಿನಾರೇ.

"ಭಾಳ ಛಂದ ಆಯ್ತು ನೋಡು," ಅಂದ ಸಂಗಣ್ಣ. "ಹದಿನಾರ ನಾಕ್ಲೆ ಅರವತ್ನಾಕು. ಬರೋಬರಿ ಕೂಡ್ತದ, ಚಿಲ್ಲರ ಉಳಿಯಂಗಿಲ್ಲ."

ಬೇಡ ಅನ್ನಬೇಕಿತ್ತು. ಪೀರಪ್ಪನಿಗೆ ಬಾಯಿ ಬರಲಿಲ್ಲ. ಸಂಗಣ್ಣನ ನಗು ಎಂಥದು ಅಂದರೆ, ಒಮ್ಮೆ ನಕ್ಕರೆ ಅದು ಚಿತ್ತಾಪುರದ ಸಂತೆಯವರೆಗೂ ಹೋಗಿ ಬರುತ್ತಿತ್ತು. ಆ ನಗುವಿಗೆ ಹೆದರಿ ಇವನು ಸಾವಿನ ಹೆದರಿಕೆಯನ್ನು ನುಂಗಿಕೊಂಡ. ಹೆದರುವವರ ಹಣೆಬರಹವೇ ಅಷ್ಟು, ದೊಡ್ಡ ಹೆದರಿಕೆ ಒಳಗೆ ಹೂತುಹೋಗಿ ಸಣ್ಣ ಹೆದರಿಕೆ ಗೆಲ್ಲುತ್ತದೆ.

ಆ ಹದಿನಾರರಲ್ಲಿ ಒಂದು ಹಲ್ಲು ಉಬ್ಬಿತ್ತು. ದೊಡ್ಡ ಗಾಲಿಯಲ್ಲೂ ಒಂದು ಹಲ್ಲು ಹಿಂದೊಮ್ಮೆ ಮುರಿದು ಬೆಸುಗೆ ಹಾಕಿಸಿಕೊಂಡಿತ್ತು. ಉಬ್ಬಿದ ಹಲ್ಲು ಬೆಸುಗೆಯ ಹಲ್ಲಿಗೆ ಜೋಡಿಯಾದರೆ ಮುಗಿಯಿತು. ಪೀರಪ್ಪ ಒಂದು ಉಪಾಯ ಮಾಡಿದ. ಭಾಗ ಹೋಗುವ ಗಾಲಿಗಳಿಗೆ ಒಂದು ಗುಣವೂ ಇದೆ: ಮೊದಲ ದಿನ ಯಾವ ಹಲ್ಲು ಯಾವುದಕ್ಕೆ ಜೋಡಿಯೋ, ಬಿಚ್ಚುವವರೆಗೂ ಅದೇ ಜೋಡಿ. ಉಬ್ಬಿದ ಹಲ್ಲು ಗಟ್ಟಿ ಹಲ್ಲುಗಳನ್ನೇ ಮುಟ್ಟುವ ಹಾಗೆ, ಬೆಸುಗೆಯ ಹಲ್ಲಿನ ಹತ್ತಿರ ಸುಳಿಯದ ಹಾಗೆ ಕೂಡಿಸಿದ. ಮುಂದೆ ಯಾವಾಗಲಾದರೂ ಬಿಚ್ಚಿದರೆ ಗೊತ್ತಾಗಲೆಂದು ಎರಡು ಗಾಲಿಗೂ ಎದುರುಬದುರು ಕೆಂಪು ಬಣ್ಣದಲ್ಲಿ ಒಂದೊಂದು ಗೀರು ಎಳೆದ. ಗೀರಿಗೆ ಗೀರು ಕೂಡಿದರೆ ಎಂಟು ಜೀವ ಸುಖ. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಸಂಗಣ್ಣ ನಗುತ್ತಿದ್ದನಲ್ಲ.

ಎರಡು ತಿಂಗಳು ಹೀಗೇ ನಡೆಯಿತು. ಬೆಳಿಗ್ಗೆ ಬಂದವನು ದೇವರ ಪಟಕ್ಕೆ ಕೈಮುಗಿಯುವ ಮೊದಲು ಆ ಗೀರು ನೋಡುತ್ತಿದ್ದ. ದಸರೆಗೆ ದಂಡೋತಿಯಿಂದ ತಾಯಿಗೆ ಜ್ವರವೆಂದು ಸುದ್ದಿ ಬಂದಾಗ ಮಾತ್ರ ನಾಲ್ಕು ದಿನ ಊರಿಗೆ ಹೋದ. ಸುಂದರಬಾಯಿ ಖಣಿಯ ಹೆಂಗಸರ ಜೊತೆ ಯಂತ್ರ, ಹತಾರಗಳನ್ನು ಪೂಜಿಸುವ ಖಂಡೇ ಪೂಜೆಗೆ ಉಳಿದಳು. ತಾಯಿ ಚೇತರಿಸಿಕೊಂಡಳು. ವಿಜಯದಶಮಿಯ ಮರುದಿನ ಬೆಳಿಗ್ಗೆ ಖಣಿಯವರಿಗೆ ಬಂಗಾರವೆಂದು ಕೊಡಲು ಒಂದು ಮುಷ್ಟಿ ಬನ್ನಿ ಎಲೆ ಹಿಡಿದುಕೊಂಡು, ಕಾಗಿಣಾ ಹೊಳೆ ದಾಟಿ, ಚಿತ್ತಾಪುರದಲ್ಲಿ ರೈಲು ಹತ್ತಿ, ವಾಡಿಯಲ್ಲಿಳಿದು ಖಣಿಯ ಕಡೆ ನಡೆದ.

ಖಣಿ ಇನ್ನೂ ಒಂದು ಫರ್ಲಾಂಗ್ ದೂರವಿದ್ದಾಗ ಸದ್ದು ಕೇಳಿಸಿತು. ಎಂಜಿನ್ನಿನ ಡಬ್ ಡಬ್, ಗಾಲಿಯ ಗರಗರ. ಅದರ ನಡುವೆ, ಟಕ್.

ಪೀರಪ್ಪ ನಿಂತ. ಒಂದರಿಂದ ಆರು ಎಣಿಸುವಷ್ಟರಲ್ಲಿ ಮತ್ತೆ, ಟಕ್. ಮತ್ತೆ ಆರು, ಮತ್ತೆ ಟಕ್. ದೊಡ್ಡ ಗಾಲಿಯ ಒಂದು ಸುತ್ತಿಗೆ ಅಷ್ಟೇ ಹೊತ್ತು ಹಿಡಿಯುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆಮೇಲೆ ಓಡಿದ.

ವಿಂಚಿನ ಹತ್ತಿರ ಬಂದು ನೋಡಿದರೆ ಗಾಲಿಗಳು ಫಳಫಳ ಹೊಳೆಯುತ್ತಿದ್ದವು. ಖಂಡೇ ಪೂಜೆಗೆಂದು ಸಣ್ಣ ಗಾಲಿ ಬಿಚ್ಚಿ, ಎರಡನ್ನೂ ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದು, ಒಂದೊಂದು ಹಲ್ಲಿಗೂ ವಿಭೂತಿ ಕುಂಕುಮ ಹಚ್ಚಿ, ಮತ್ತೆ ಕೂಡಿಸಿದ್ದರು. ಅವನ ಗೀರು ಎಲ್ಲಿಯೂ ಇರಲಿಲ್ಲ. ಕೆಂಪು ಗೀರನ್ನು ಹಳೇ ಕುಂಕುಮವೆಂದು ತಿಳಿದು ಯಾರೋ ಭಕ್ತಿಯಿಂದ ಅಳಿಸಿದ್ದರು. ತಿರುಗುವ ಗಾಲಿಯಲ್ಲಿ ಬೆಸುಗೆಯ ಹಲ್ಲು ಯಾವುದೆಂದು ಅವನಿಗೇ ಗುರುತು ಹತ್ತಲಿಲ್ಲ. ಎಲ್ಲ ಹಲ್ಲಿಗೂ ಒಂದೇ ಮುಖವಾಗಿತ್ತು.

"ಎಷ್ಟು ಟ್ರಾಲಿ ಆದವ್ರಿ?" ಅಂದ.

"ಮೂರು ಆದವು, ಇದು ನಾಕನೇದು," ಅಂದ ಸಂಗಣ್ಣ, ಹಿಡಿಕೆಯ ಮೇಲೆ ಕೈಯಿಟ್ಟುಕೊಂಡೇ. "ಬಂಗಾರ ಕೊಡೋದು ಬಿಟ್ಟು ಲೆಕ್ಕ ಕೇಳ್ಲಿಕತ್ತಿಯಲ್ಲೋ!"

ಮೂರು ಟ್ರಾಲಿ ಅಂದರೆ ನೂರಿಪ್ಪತ್ತು ಸುತ್ತು, ನೂರಿಪ್ಪತ್ತು ಏಟು, ಎಲ್ಲವೂ ಅದೇ ಬೆಸುಗೆಯ ಮೇಲೆ. ಹದಿನೇಳರ ಗಾಲಿಯಾಗಿದ್ದರೆ ಏಳು ಆಗುತ್ತಿತ್ತು. ಪೀರಪ್ಪ ಕೆಳಗೆ ನೋಡಿದ. ಟ್ರಾಲಿ ಅರ್ಧ ದಾರಿ ಏರಿತ್ತು. ಹಿಂದೆ ಎಂಟು ಬಣ್ಣದ ಸೀರೆ. ಇನ್ನು ಇಪ್ಪತ್ತು ಸುತ್ತು. ನಿಲ್ಲಿಸು ಅನ್ನಲೇ? ಈ ಭಾರದಲ್ಲಿ ಗಕ್ಕನೆ ನಿಲ್ಲಿಸಿದರೆ ಜಗ್ಗುವ ಏಟು ಆ ಹಲ್ಲಿನ ಮೇಲೆಯೇ ಬಿದ್ದರೆ? ಟಕ್. ಹತ್ತೊಂಬತ್ತು.

"ಬಿಡ್ರೇ! ಟ್ರಾಲಿ ಬಿಟ್ಟು ದೂರ ಸರೀರಿ!" ಅಂಚಿಗೆ ಬಂದು ಎರಡೂ ಕೈ ಬೀಸಿ ಕೂಗಿದ.

ಎಂಜಿನ್ನಿನ ಸದ್ದಿನಲ್ಲಿ ಕೂಗು ಯಾರಿಗೂ ಕೇಳಲಿಲ್ಲ. ಬೀಸುವ ಕೈಯಲ್ಲಿ ಬನ್ನಿ ಎಲೆ ಕಂಡಿತು. ಕೆಳಗಿನಿಂದ ಸಾಬಮ್ಮ, ಎಂಟು ಮಂದಿಯಲ್ಲಿ ಎಲ್ಲರಿಗಿಂತ ದೊಡ್ಡ ಬಾಯಿಯವಳು, ನಕ್ಕು ತಾನೂ ಕೈ ಬೀಸಿದಳು. ಸುಂದರಬಾಯಿ ನಾಚಿಕೊಂಡು ತಲೆ ತಗ್ಗಿಸಿ ಟ್ರಾಲಿಗೆ ಇನ್ನಷ್ಟು ಹೆಗಲು ಕೊಟ್ಟಳು. ಟಕ್. ಹದಿನೆಂಟು.

ಪೀರಪ್ಪ ಎಲೆ ಎಸೆದು ಇಳಿಜಾರಿಗೆ ಹಾರಿದ. ಮೊಣಕಾಲು ಕೆತ್ತಿಹೋಯಿತು. ಓಡುತ್ತಾ ಎಣಿಸುತ್ತಿದ್ದ, ಎಣಿಸುತ್ತಾ ಓಡುತ್ತಿದ್ದ. ಹದಿನೈದು. ಹದಿನಾಲ್ಕು. ಹೇಳಿ ತಿಳಿಸಲು ಹೊತ್ತಿಲ್ಲ. ಹದಿನಾರು, ಅರವತ್ನಾಲ್ಕು, ಬೆಸುಗೆ ಅಂತ ಬಾಯಿ ಬಿಡುವಷ್ಟರಲ್ಲಿ ಎಂಟೂ ಜೀವ ಟ್ರಾಲಿಯ ಕೆಳಗಿರುತ್ತವೆ. ಆಗ ಅವನಿಗೆ ಏನು ಹೊಳೆಯಿತೋ, ಹನ್ನೆರಡು ವರ್ಷದ ಸಂಸಾರದಲ್ಲಿ ಹೆಂಡತಿಗೆ ಗದರದವನು ಸುಂದರಬಾಯಿಯ ತುರುಬಿಗೆ ಕೈ ಹಾಕಿ ದರದರ ಎಳೆದುಕೊಂಡು ಪಕ್ಕದ ಕಲ್ಲಿನ ರಾಶಿಗೆ ನೂಕಿದ.

"ಯವ್ವಾ! ಹುಚ್ಚು ಹಿಡದದೇನ್ರಿ ನಿಮಗ!" ಎಂದು ಅವಳು ಚೀರಿದಳು.

ಉಳಿದ ಏಳು ಮಂದಿ ಒಂದು ಗಳಿಗೆ ಕಣ್ಣರಳಿಸಿ ನೋಡಿದರು. ಆಮೇಲೆ ಟ್ರಾಲಿ ಬಿಟ್ಟು ಏಳೂ ಜನ ಅವನ ಮೇಲೆ ಬಿದ್ದರು. ಸಾಬಮ್ಮನ ಕೆನ್ನೆಯೇಟಿಗೆ ಅವನ ಕಿವಿ ಗುಂಯ್‌ಗುಟ್ಟಿತು. "ಹಬ್ಬದ ಮರದಿನಾನೇ ಕುಡದು ಬಂದು ಹೆಂಡ್ತಿಗಿ ಹೊಡೀಲಿಕತ್ತಿಯೇನೋ ಭಾಡ್ಯಾ!" ಪೀರಪ್ಪ ಏಟು ತಿನ್ನುತ್ತಾ ತಲೆ ಎಣಿಸಿದ. ಸುಂದರಬಾಯಿ ಸೇರಿ ಎಂಟು. ಎಂಟೂ ಹಳಿಯ ಈಚೆಗಿದ್ದವು. ಇನ್ನೂ ನಾಲ್ಕು ಏಟು ಬಿದ್ದರೂ ಅವನು ಬೇಡ ಅನ್ನುತ್ತಿರಲಿಲ್ಲ.

ದೂಡುವವರಿಲ್ಲದ ಟ್ರಾಲಿ ಕಿರ್ರೆನ್ನುತ್ತಾ ತಾನೊಂದೇ ಏರುತ್ತಿತ್ತು. ಎಲ್ಲ ಭಾರ ಈಗ ಹಗ್ಗದ ಮೇಲೆ. ಹೆಂಗಸರ ಬೈಗುಳದ ನಡುವೆ ಅವನ ಕಿವಿ ಮಾತ್ರ ಮೇಲೆಯೇ ಇತ್ತು. ಏಳು. ಆರು. ಐದು. ಟ್ರಾಲಿ ಮೇಲೆ ತಲುಪಿತು. ಏನೂ ಆಗಲಿಲ್ಲ.

ಸಂಗಣ್ಣ ಟ್ರಾಲಿಯ ಗಾಲಿಗೆ ಕಲ್ಲು ಕೊಟ್ಟು, ಎಂಜಿನ್ನು ನಿಲ್ಲಿಸಿ, ಎಲ್ಲರನ್ನೂ ಮೇಲೆ ಕರೆದ. ಪೀರಪ್ಪ ತಡವರಿಸುತ್ತಾ ಗೀರಿನ ಮಾತು, ಜೋಡಿಯ ಮಾತು ಹೇಳಿದ. ಹೇಳುವಾಗ ತನ್ನ ಮಾತು ತನಗೇ ಹುಚ್ಚಿನಂತೆ ಕೇಳಿಸಿತು. ಸಂಗಣ್ಣ ನಿರೀಕ್ಷೆಯಂತೆ ನಕ್ಕ.

"ಎಲ್ಲಿ ಅದಪಾ ನಿನ್ನ ಸಾವು? ತೋರ್ಸು. ಏ ಬರ್ರೇ, ಪೀರಪ್ಪನ ಸಾವು ನೋಡ್ರಿ." ನಟ್ಟು ಬಿಗಿಯುವ ಪಾನಾ ಎತ್ತಿಕೊಂಡು ದೊಡ್ಡ ಗಾಲಿಯ ಹಲ್ಲುಗಳ ಮೇಲೆ ಒಂದೊಂದಾಗಿ ಬಡಿಯುತ್ತಾ ಬಂದ. ಟಣ್. ಟಣ್. ಟಣ್. ಹೆಂಗಸರು ಮುಸಿಮುಸಿ ನಗುತ್ತಿದ್ದರು. ಟಣ್. ಟಣ್.

ದೊಬ್.

ಬಡಿದದ್ದು ಮೆಲ್ಲಗೇ. ಕುಂಕುಮ ಹಚ್ಚಿದ ಆ ಹಲ್ಲು ಸ್ವಲ್ಪ ವಾಲಿ, ಕಿತ್ತು, ಸಂಗಣ್ಣನ ಕಾಲಿನ ಹತ್ತಿರ ಬಿತ್ತು.

ಸಾಬಮ್ಮ ಅಲ್ಲೇ ಕುಕ್ಕರಿಸಿ ಕೂತಳು. ಪೀರಪ್ಪನಿಗೆ ನಿಜವಾದ ಹೆದರಿಕೆ ಹತ್ತಿದ್ದೇ ಆಗ. ಎಂಜಿನ್ನಿಗೆ ಒರಗಿಕೊಂಡ. ಸಂಗಣ್ಣ ಪಾನಾ ಕೆಳಗಿಟ್ಟು, ನಗು ಎಲ್ಲಿ ಹೋಯಿತೋ, ಮೆಲ್ಲಗೆ ಅಂದ: "ಪೂಜಿ ದಿನ ನಾನೇ ಬಿಚ್ಚಿ ಕೊಟ್ಟೆ, ನಾನೇ ಕೂಡ್ಸಿದೆ. ತಿಕ್ಕಿ ತೊಳದಿದ್ದು ನಿನ್ನ..."

ಪೀರಪ್ಪನಿಗೆ ಆ ಮಾತಿನ ಬಾಲ ಕಂಡುಬಿಟ್ಟಿತು. ಸುಂದರಬಾಯಿ ಪಕ್ಕದಲ್ಲೇ ನಿಂತು ಕೆತ್ತಿದ ಮೊಣಕೈಗೆ ಊದಿಕೊಳ್ಳುತ್ತಿದ್ದಳು. ಮನೆಯ ತಾಮ್ರದ ಬಿಂದಿಗೆಯನ್ನೂ ಕಲೆ ಉಳಿಯದಂತೆ ತಿಕ್ಕುವವಳು ಅವಳು. ಗಂಡ ಊರಲ್ಲಿಲ್ಲದಾಗ ಗಂಡನ ಗಾಲಿಯನ್ನು ಇನ್ನಾರು ತೊಳೆಯುತ್ತಾರೆ?

"ತಪ್ಪು ನಂದೇರಿ ಮಿಸ್ತ್ರಿಗಳೇ," ಎಂದು ಜೋರಾಗಿ ನಡುವೆ ಬಾಯಿ ಹಾಕಿದ. ಸಂಗಣ್ಣನ ಎದುರು ಅವನ ದನಿ ಏರಿದ್ದು ಅದೇ ಮೊದಲು. "ಗುರುತು ಹಾಕಿ ಯಾರಿಗೂ ಹೇಳ್ಲಿಲ್ಲ ನಾ. ಬಿಚ್ಚಿದ್ದು ಯಾರು, ತೊಳದಿದ್ದು ಯಾರು, ಆ ಮಾತು ಬ್ಯಾಡ." ಸಂಗಣ್ಣ ಅವನ ಮುಖ ನೋಡಿದ, ಸುಂದರಬಾಯಿಯ ಮುಖ ನೋಡಿದ, ತಲೆಯಾಡಿಸಿ ಬಿದ್ದ ಹಲ್ಲನ್ನು ಎತ್ತಿಕೊಂಡ.

ಹದಿನೇಳರ ಗಾಲಿ ಬರುವವರೆಗೆ ವಿಂಚು ಮುಟ್ಟುವುದಿಲ್ಲ ಎಂದು ಪೀರಪ್ಪ ಹಟ ಹಿಡಿದ. ಈ ಸಲ ಯಾರೂ ನಗಲಿಲ್ಲ. ದೊಡ್ಡ ಗಾಲಿಗೆ ಹೊಸ ಹಲ್ಲು ಹಾಕಿಸಿದ. ಉಸ್ತಾದರ ದುಕಾನಿನಲ್ಲಿ ಕೂತು ಸಣ್ಣ ಗಾಲಿಯ ಅಚ್ಚನ್ನು ತಾನೇ ಕೆತ್ತಿದ. ಸುಂದರಬಾಯಿ ಆ ಬಗ್ಗೆ ಏನೂ ಕೇಳಲಿಲ್ಲ. ರೊಟ್ಟಿಯ ಲೆಕ್ಕದ ಚೇಷ್ಟೆಯನ್ನೂ ಬಿಟ್ಟಳು. ಪೀರಪ್ಪನಿಗೆ ಈಗ ಹೊಸ ಹೆದರಿಕೆ ಹತ್ತಿತು: ಗೀರಿನ ಮಾತು ಕೇಳಿದ್ದ ಇವಳಿಗೆ, ಅದನ್ನು ಅಳಿಸಿದ್ದು ತಾನೇ ಎಂದು ಯಾವಾಗಲಾದರೂ ಹೊಳೆದುಬಿಟ್ಟರೆ? ಎಂಟು ಜನರ ಸಾವಿಗೆ ತನ್ನ ಕೈಯೇ ದಾರಿ ಮಾಡಿತ್ತೆಂದು ತಿಳಿದರೆ ಈ ಜೀವ ಹೇಗೆ ತಡೆದೀತು? ಖಣಿಯಲ್ಲಿ ಇಬ್ಬರು ಪಿಸುಗುಟ್ಟಿದರೆ ಇವನು ಕೆಲಸ ಬಿಟ್ಟು ಅತ್ತ ಕಿವಿ ಕೊಡುತ್ತಿದ್ದ. ಹೀಗೆ ಒಂದು ವರ್ಷ ಕಳೆಯಿತು.

ಮರುವರ್ಷದ ಖಂಡೇ ಪೂಜೆಗೆ ಅವನು ಊರಿಗೆ ಹೋಗಲಿಲ್ಲ. ಸಣ್ಣ ಗಾಲಿ ಬಿಚ್ಚಿ ಚಾಪೆಯ ಮೇಲಿಟ್ಟ. ಸುಂದರಬಾಯಿ ಬಂದು ಕೂತಳು. ಸೀಮೆಎಣ್ಣೆಯ ಬಟ್ಟೆ ಹಿಡಿದ ಅವಳ ಕೈ ಗಾಲಿಯ ಹತ್ತಿರ ಹೋಗಿ ನಿಂತಿತು. ಮುಟ್ಟಲಿಲ್ಲ.

"ಗುರುತು ಎಲ್ಲದರಿ?" ಅಂದಳು, ತಲೆ ಎತ್ತದೆ.

"ಯಾವ ಗುರುತು?"

"ಹೋದ ವರ್ಷ ಇತ್ತಲ್ರಿ, ಕೆಂಪಂದು. ನಾ ಹಳೀ ಕುಂಕುಮ ಅಂತ ತಿಕ್ಕಿ ತಿಕ್ಕಿ ತೊಳದಿದ್ದು. ಈ ಸಲ ಮೊದಲೇ ತೋರಸ್ರಿ. ಅಳಸಂಗಿಲ್ಲ ನಾ."

ಅವನು ಬಚ್ಚಿಟ್ಟುಕೊಂಡು ನಡುಗಿದ ವರ್ಷವನ್ನೆಲ್ಲ ಅವಳು ಗೊತ್ತಿದ್ದೇ ನಡುಗಿ ಕಳೆದಿದ್ದಳು. ಒಂದೇ ಒಲೆಯ ಮುಂದೆ ಕೂತು ಇಬ್ಬರೂ ಒಂದೇ ಹೆದರಿಕೆಯನ್ನು ಬೇರೆ ಬೇರೆ ತಿಂದಿದ್ದರು.

ಅವನು ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ಇದಕ್ಕ ಗುರುತು ಬೇಕಾಗಿಲ್ಲ, ಸುಂದರಾ. ಇದು ಹದಿನೇಳರದು. ನೀ ಎಷ್ಟರೆ ತೊಳಿ, ಎಲ್ಲಿ ಬೇಕಾದಲ್ಲಿ ಕೂಡ್ಸು. ತಪ್ಪಂಗಿಲ್ಲ."

"ಖರೇನ್ರಿ?"

"ಅದಕ್ಕೇ ಮಾಡೀನಿ."

ಅವಳು ಗಾಲಿ ತೊಳೆದಳು. ಒಣ ಬಟ್ಟೆಯಲ್ಲಿ ಒರೆಸಿದಳು. ಒಂದೊಂದು ಹಲ್ಲಿಗೂ ಕುಂಕುಮ ಹಚ್ಚುತ್ತಾ ಬಾಯಲ್ಲೇ ಎಣಿಸಿದಳು. ಹದಿನಾರಕ್ಕೆ ಬೆರಳು ನಿಂತಿತು. ಇನ್ನೊಂದು ಹಲ್ಲು ಉಳಿದಿತ್ತು. ಅದಕ್ಕೂ ಹಚ್ಚಿದಳು. ಆಮೇಲೆ ಇಬ್ಬರೂ ಸೇರಿ ಗಾಲಿ ಎತ್ತಿದರು, ಸುಂದರಬಾಯಿ ಕಣ್ಣು ಮುಚ್ಚಿಕೊಂಡು ಅದನ್ನು ಕೂಡಿಸಿ ಕೈಬಿಟ್ಟಳು.